ಮುಚ್ಚಿ ಬಂದ ಕೊಳವೆಬಾವಿ

ಅಂತರ್ಜಲ ಎಷ್ಟು ಆಳದಲ್ಲಿದೆ ಎಂದು ಊರೂರು ಅಲೆದು ಅಳೆದು ನಕ್ಷೆ ಮಾಡುವುದು ನನ್ನ ಸರ್ಕಾರಿ ಕೆಲಸ. ಅಂದು ಮಟಮಟ ಮಧ್ಯಾಹ್ನ, ಆಸ್ಪತ್ರೆಯೊಂದರ ಉಗ್ರಾಣದ ಹಿಂದಿದ್ದ ಕೊಳವೆಬಾವಿಯ ಮುಚ್ಚಳ ಬಿಚ್ಚಿದೆ. ಗೇಣಗಲವೂ ಇಲ್ಲದ ಆ ಬಾಯಿಯಿಂದ, ಆಗಷ್ಟೇ ಸ್ನಾನ ಮಾಡಿದವರ ಮೈಯಿಂದ ಬರುವಂಥ ಸೋಪಿನ ವಾಸನೆ ಬಂತು. ನೀರು ತಾಗಿದರೆ ಸದ್ದು ಮಾಡುವ ಅಳತೆಯ ಟೇಪನ್ನು ಇಳಿಬಿಟ್ಟೆ. ಅದು ಅರ್ಧ ದಾರಿಯಲ್ಲೇ ಕೂಗಿತು, ನಿಂತಿತು, ಮತ್ತೆ ಕೂಗಿತು. ಯಾರೋ ಒದ್ದೆ ಕೈಯಲ್ಲಿ ಮುಟ್ಟಿ ಮುಟ್ಟಿ ಬಿಟ್ಟಂತೆ.

"ಮುಚ್ಚಬೇಡಪ್ಪ," ಎಂದಿತು ಒಳಗಿನಿಂದ ವಯಸ್ಸಾದ ಹೆಂಗಸಿನ ದನಿ. "ಇಷ್ಟು ಮೇಲೆ ಬರೋ ಹೊತ್ತಿಗೆ ಸಾಕುಸಾಕಾಗಿದೆ."

ನಮ್ಮ ಡ್ರೈವರ್ ಮುಖ ಬಿಳಿಚಿಕೊಂಡಿತು. "ಸಾರ್, ನಿಮಗೂ ಕೇಳಿಸ್ತಾ?"

ಸಾಹೇಬರಿಗೆ ಫೋನ್ ಮಾಡಿದೆ. "ಗಾಳಿ ಕಣ್ರೀ ಅದು. ಮುಚ್ಚಿ ಬನ್ನಿ," ಎಂದರು.

ಭುಜದವರೆಗೂ ಕೈ ಇಳಿಸಿ ತಡಕಾಡಿದೆ. ಏನೂ ಸಿಗಲಿಲ್ಲ. "ಅಮ್ಮಾ, ನನ್ನ ಕೈಲಿ ಆಗ್ತಿಲ್ಲ," ಎಂದೆ.

"ಹೋಗಲಿ ಬಿಡು, ಮಗಾ."

ಮುಚ್ಚಳ ಹಾಕಿ ಬೋಲ್ಟು ಬಿಗಿದು ಬಂದೆ.

ಮರುವಾರ ಹೋದಾಗ ಸುತ್ತಲಿನ ಬಾವಿಗಳಲ್ಲೆಲ್ಲ ನೀರು ಇದ್ದಲ್ಲೇ ಇತ್ತು. ಇದೊಂದರಲ್ಲಿ ಮಾತ್ರ ಮುಚ್ಚಳಕ್ಕೆ ತಾಗಿ ನಿಂತಿತ್ತು. ಬೆರಳು ಅದ್ದಿ ನೋಡಿದೆ. ಜ್ವರ ಬಂದವರ ಮೈಯಷ್ಟು ಬಿಸಿಯಿತ್ತು.