ಹಿಂದಕ್ಕೆ ಎಳೆಯುವ ವಿಂಚು

ಮಳೆ ಹಿಡಿಯುವ ಮೊದಲು ಹಳ್ಳದಿಂದ ಜೀಪನ್ನು ಮೇಲೆ ತರಬೇಕು. ತೀರ್ಮಾನ ಇಷ್ಟೇ. ಅದನ್ನು ಹೇಳಿದವಳು ಅವಳು, ಅಡುಗೆಮನೆಯ ಬಾಗಿಲಲ್ಲಿ ನಿಂತು, ತೊಳೆದ ತಟ್ಟೆ ಕೈಯಲ್ಲಿ ಹಿಡಿದುಕೊಂಡು. ಗಂಡ ಸತ್ತ ಮೇಲೆ ಯಾರೂ ಕೇಳದೆ ಅವಳು ಆಡಿದ ಮೊದಲ ಮಾತು ಅದು. ಹಾಗಾಗಿ ಯಾರೂ ಬೇಡ ಎನ್ನಲಿಲ್ಲ.

ಜೀಪು ಬೆಟ್ಟಗಳ ಆಚೆ, ಕಾಡಿನ ಕಮರಿಯಲ್ಲಿತ್ತು. ಕಾಡಿನ ಕಾವಲು ಗೋಪುರಗಳಿಗೆ ಸಾಮಾನು ಸಾಗಿಸುವುದು ಅವಳ ಗಂಡನ ಕೆಲಸವಾಗಿತ್ತು. ಹೋದ ಮಳೆಗಾಲದ ಕೊನೆಯಲ್ಲಿ ರಸ್ತೆಯ ಅಂಚು ಕುಸಿದು ಜೀಪು ಮೂತಿ ಮುಂದಾಗಿ ಹಳ್ಳಕ್ಕೆ ಇಳಿದಿತ್ತು. ಅವನು ಹಗಲೆಲ್ಲ ನೀರಿನಲ್ಲಿ ಒದ್ದಾಡಿ, ನಡೆದೇ ಮನೆ ಸೇರಿದ. ಪೂರ್ತಿ ನೆನೆದಿದ್ದ. ಮೈಮೇಲೆ ರೈನ್‌ಕೋಟು ಕೂಡ ಇರಲಿಲ್ಲ. ಅದೆಲ್ಲಿ ಎಂದು ಅವಳು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಜ್ವರದಲ್ಲಿ ಮಲಗಿದವನು ಮತ್ತೆ ಏಳಲಿಲ್ಲ. "ಕಟ್ಟಿದ್ದೀನಿ, ಜೀಪು ಕೊಚ್ಚಿಹೋಗಲ್ಲ" ಎಂದಷ್ಟೇ ಕನವರಿಸುತ್ತಿದ್ದ.

ನೋಡಿಬಂದವರು ದಡದ ಯಾವ ಮರಕ್ಕೂ ಹಗ್ಗವಿಲ್ಲ ಎಂದರು. ಜ್ವರ ತಲೆಗೇರಿದಾಗಿನ ಮಾತು ಎಂದರು. ಆಮೇಲೆ ಹಿಂಗಾರಿನಲ್ಲಿ ಬಂದ ಎರಡು ನೆರೆಗೂ ಜೀಪು ಅಲುಗಲಿಲ್ಲ. ಎಲ್ಲೋ ಬಂಡೆಗೆ ಸಿಕ್ಕಿಕೊಂಡಿದೆ, ಅದೃಷ್ಟ ಎಂದರು. ಈಗ ರಸ್ತೆ ರಿಪೇರಿಯಾಗಿತ್ತು. ಇನ್ನೊಂದು ಮಳೆಗಾಲ ಜೀಪು ತಡೆಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅವನು ಅರ್ಧಕ್ಕೆ ಬಿಟ್ಟುಬಂದ ಒಂದೇ ಕೆಲಸ ಅದು. ಅವಳಿಗೆ ಅದು ಮುಗಿಯಬೇಕಿತ್ತು.

ಹೊರಟವರು ಮೂರು ಜನ. ಅವಳು, ಲಾರಿ ಓಡಿಸುವ ಮೈದುನ, ಮತ್ತು ಗ್ಯಾರೇಜಿಟ್ಟಿದ್ದ ಗಂಡನ ಚಿಕ್ಕಪ್ಪ. ಅವಳು ಆತನನ್ನು ಮಾವ ಎನ್ನುತ್ತಿದ್ದಳು. ಮಾವನ ಗ್ಯಾರೇಜಿನಲ್ಲಿ ಏನು ಮುರಿದರೂ ಔಷಧ ಒಂದೇ: ಮುರಿದದ್ದಕ್ಕಿಂತ ಒಂದು ಸೈಜು ದೊಡ್ಡ ಬೋಲ್ಟು.

ಮೊದಲು ಬೇಕಾದದ್ದು ವಿಂಚು, ಸಿಕ್ಕಿಬಿದ್ದ ಗಾಡಿಯನ್ನು ಉಕ್ಕಿನ ಹಗ್ಗದಿಂದ ಎಳೆಯುವ ಯಂತ್ರ.

ಅಂಗಡಿಯವನು ಕೆಂಪು ಪೆಟ್ಟಿಗೆಯೊಂದನ್ನು ಕೌಂಟರಿನ ಮೇಲಿಟ್ಟು ತಟ್ಟಿದ. "ಕರೆಂಟ್ ವಿಂಚು. ಐದು ಟನ್ ಎಳೆಯುತ್ತೆ. ಗಾಡಿ ಮೂತಿಗೆ ಕೂರಿಸಿ, ಗುಂಡಿ ಒತ್ತಿ, ನೆರಳಲ್ಲಿ ಕೂತ್ರೆ ಸಾಕು."

ಮೈದುನ ರಿಮೋಟನ್ನು ಕೈಗೆತ್ತಿಕೊಂಡ. "ಅತ್ತಿಗೆ, ಟಿ.ವಿ. ಥರಾನೇ ಇದೆ. ಚಾನೆಲ್ಲೂ ಬರುತ್ತೇನೋ."

"ಬ್ಯಾಟರಿ ಸತ್ತರೆ?" ಅವಳು ಕೇಳಿದಳು.

"ಎಂಜಿನ್ ಓಡ್ತಿದ್ರೆ ಬ್ಯಾಟರಿ ಯಾಕೆ ಸಾಯುತ್ತೆ ಮೇಡಂ?"

"ಎಂಜಿನ್ ನೀರಲ್ಲಿದ್ರೆ?"

ಅಂಗಡಿಯವನು ಮಾವನ ಮುಖ ನೋಡಿದ. ಮಾವ ಸೂರು ನೋಡಿದ.

"ಜೀಪಿಗೆ ಬೇಡಮ್ಮ, ನನ್ನ ಗಾಡಿಗೆ ಹಾಕೋಣ," ಮಾವ ಹೇಳಿದ. "ಅದು ಮೇಲೆ ರಸ್ತೇಲೇ ಇರುತ್ತಲ್ಲ."

"ಅಲ್ಲಿ ರಸ್ತೆ ಒಂದು ಗಾಡಿ ಅಗಲ ಮಾವ. ನಿಮ್ಮ ಗಾಡೀನ ಹಳ್ಳದ ಕಡೆ ತಿರುಗಿಸಿ ನಿಲ್ಲಿಸೋಕಾಗಲ್ಲ. ಮೂತಿಗೆ ಕೂರಿಸಿದ ವಿಂಚು ಮೂತಿ ಎಲ್ಲಿದೆಯೋ ಅಲ್ಲಿಗೇ ಎಳೆಯೋದು." ಸ್ವಲ್ಪ ತಡೆದು ಹೇಳಿದಳು: "ಅವರ ಜೀಪಿನ ವಿಂಚೂ ಮುಂದೇನೇ ಇತ್ತು. ಮುಂದೆ ಇದ್ದಿದ್ದು ನೀರು."

ಅಂಗಡಿಯವನು ಚಹಾ ತರಿಸಿದ. ಅವಳು ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದಿಟ್ಟಳು.

"ಅತ್ತಿಗೆ, ಬಿಸಿ ಇರಲಿಲ್ವಾ?" ಮೈದುನ ಇನ್ನೂ ತನ್ನ ಲೋಟವನ್ನು ಊದುತ್ತಿದ್ದ.

"ಗೊತ್ತಾಗಲಿಲ್ಲ."

ಅವಳು ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಒಂದು ಕಬ್ಬಿಣದ ಡಬ್ಬಿಯನ್ನು ನೋಡುತ್ತಿದ್ದಳು. ಅದರ ಪಕ್ಕದಲ್ಲಿ ಉದ್ದದ ಹಿಡಿ, ಸುರುಳಿ ಸುತ್ತಿದ ಉಕ್ಕಿನ ಹಗ್ಗ. "ಅದೇನು?"

"ಅದಾ? ಕೈ ವಿಂಚು. ಕಂಬ ನಿಲ್ಲಿಸೋರು ಒಯ್ತಾರೆ. ಒಂದ್ಸಲ ಹಿಡಿ ಆಡಿಸಿದ್ರೆ ನಾಲ್ಕು ಬೆರಳಷ್ಟು ಹಗ್ಗ ಬರುತ್ತೆ. ನಿಮ್ಮ ಜೀಪು ಮೇಲೆ ಬರೋ ಹೊತ್ತಿಗೆ ಇವರಿಗೆ ಮೊಮ್ಮಕ್ಕಳಾಗಿರ್ತಾರೆ." ಅವನು ಮೈದುನನ ಕಡೆ ಕೈ ತೋರಿಸಿದ.

"ಮದುವೇನೇ ಆಗಿಲ್ಲ," ಎಂದ ಮೈದುನ.

ಅವಳು ಅದನ್ನು ಬಿಚ್ಚಿಸಿ ನೋಡಿದಳು. ಒಳಗೆ ಎರಡು ಹಿಡಿತಗಳು. ಬಾವಿಯಿಂದ ನೀರು ಸೇದುವ ಎರಡು ಕೈಗಳಂತೆ, ಒಂದು ಹಗ್ಗ ಹಿಡಿದಾಗ ಇನ್ನೊಂದು ಮುಂದೆ ಹೋಗಿ ಹಿಡಿಯುತ್ತಿತ್ತು. ಬ್ಯಾಟರಿ ಬೇಡ, ಎಂಜಿನ್ ಬೇಡ. ಯಾವ ಮರಕ್ಕಾದರೂ ಕಟ್ಟಬಹುದು, ಯಾವ ದಿಕ್ಕಿಗಾದರೂ ಎಳೆಯಬಹುದು. ಹಿಡಿಯ ಬುಡದಲ್ಲಿ ಹಿತ್ತಾಳೆಯ ಪುಟ್ಟ ಪಿನ್ನೊಂದಿತ್ತು.

"ಭಾರ ಮಿತಿ ಮೀರಿದ್ರೆ ಅದು ಮುರಿಯುತ್ತೆ," ಅಂಗಡಿಯವನು ಹೇಳಿದ. "ಎಳೆದಿದ್ದು ಎಳೆದಲ್ಲೇ ನಿಂತಿರುತ್ತೆ. ಹಿಡಿ ಮಾತ್ರ ಸುಮ್ಮನೆ ಆಡುತ್ತೆ, ಕೈಗೆ ಏನೂ ಹತ್ತಲ್ಲ. ಬೇರೆ ಪಿನ್ನುಗಳು ಹಿಡಿಯೊಳಗೇ ಇರ್ತವೆ."

"ಮುರಿಯೋಕೆ ಅಂತಲೇ ಪಿನ್ನು ಹಾಕಿದಾರಾ?" ಮಾವ ನಕ್ಕ. "ಒಳ್ಳೆ ಕಸುಬು! ನಾನೂ ಹಾಗೇ ಮಾಡಿದ್ರೆ ಗಿರಾಕಿ ಹೊಡೀತಾರೆ."

"ಇದನ್ನೇ ಕೊಡಿ," ಅವಳು ಹೇಳಿದಳು. "ಒಂದು ಕಪ್ಪೀನೂ ಕೊಡಿ. ಕಪ್ಪಿ ಮೇಲಿಂದ ಹಗ್ಗ ವಾಪಸ್ ತಂದ್ರೆ ಬಲ ಎರಡರಷ್ಟಾಗುತ್ತೆ."

"ಹಗ್ಗಾನೂ ಎರಡರಷ್ಟು ಎಳೀಬೇಕಾಗುತ್ತೆ," ಎಂದ ಮೈದುನ, ತನ್ನ ತೋಳುಗಳನ್ನು ನೋಡಿಕೊಂಡು.

ಮರುದಿನ ಬೆಳಕು ಹರಿಯುತ್ತಿದ್ದಂತೆ ಮಾವನ ಗಾಡಿಯಲ್ಲಿ ಹೊರಟರು. ಊರಿನ ಕೊನೆಯ ಗೋದಾಮುಗಳನ್ನು ದಾಟಿದ ಮೇಲೆ ಡಾಂಬರು ಮುಗಿದು ಕೆಮ್ಮಣ್ಣು ಶುರುವಾಯಿತು, ಅದೂ ಮುಗಿದು ಬರೀ ಕಲ್ಲು. ಬೆಟ್ಟಗಳು ಒಂದರ ಹಿಂದೊಂದು ಎದ್ದು ಬಂದವು, ಹತ್ತಿರದ್ದು ಹಸಿರು, ಅದರ ಹಿಂದಿನದು ನೀಲಿ, ಕೊನೆಯದು ಆಕಾಶವೋ ನೆಲವೋ ತಿಳಿಯದಷ್ಟು ಮಸುಕು. ಮರಗಳು ಎತ್ತರವಾಗುತ್ತ ಹೋಗಿ ರಸ್ತೆಯ ಮೇಲೆ ಕೈಕೈ ಹಿಡಿದುಕೊಂಡವು. ಎಲೆಗಳ ಸಂದಿನಿಂದ ಬಿದ್ದ ಬಿಸಿಲು ಬಾನೆಟ್ಟಿನ ಮೇಲೆ ನಾಣ್ಯಗಳಂತೆ ಓಡುತ್ತಿತ್ತು. ಚೆಂದವಾಗಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ತಿಳಿಯುತ್ತಿತ್ತು, ಅಷ್ಟೇ.

ಒಂದು ತಿರುವಿನಲ್ಲಿ ಮರ ಅಡ್ಡ ಬಿದ್ದಿತ್ತು. ವಿಂಚಿಗೆ ಮೊದಲ ಪರೀಕ್ಷೆ ಅಲ್ಲೇ ಆಯಿತು. ಮೈದುನ ಹಿಡಿ ಆಡಿಸಿದ, ಮರ ಆಮೆಯಂತೆ ಸರಿದು ದಾರಿ ಬಿಟ್ಟಿತು.

"ನಿಧಾನ, ಆದ್ರೆ ಸುಳ್ಳು ಹೇಳಲ್ಲ," ಮಾವ ಒಪ್ಪಿಕೊಂಡ.

ಕಮರಿ ತಲುಪುವಾಗ ಸೂರ್ಯ ನೆತ್ತಿ ದಾಟಿದ್ದ. ಮೂವರೂ ಅಂಚಿಗೆ ಬಂದು ನೋಡಿದರು. ಕೆಳಗೆ ಜೀಪು. ಹಿಂಭಾಗ ದಡದ ಕಡೆಗೆ, ಎರಡು ಹಿಂದಿನ ಚಕ್ರ ಮಣ್ಣಿನ ಮೇಲೆ, ಮೂತಿ ಪೂರ್ತಿ ನೀರು ಮತ್ತು ಹೂಳಿನೊಳಗೆ. ನೆರೆ ತಂದ ಕೊಂಬೆ ಕಸವೆಲ್ಲ ಬಾನೆಟ್ಟಿನ ಮೇಲೆ ಗುಡ್ಡೆಯಾಗಿತ್ತು. ಹಳ್ಳದ ನಡುವೆ, ಸ್ವಲ್ಪ ಮೇಲಕ್ಕೆ, ದೊಡ್ಡ ಬಂಡೆಯೊಂದು ನೀರನ್ನು ಸೀಳಿ ನಿಂತಿತ್ತು.

ಅವಳು ಆ ಜೀಪನ್ನು ಮೊದಲ ಸಲ ಹೀಗೆ ನೋಡುತ್ತಿದ್ದಳು. ಮೈದುನ ಅವಳ ಕಡೆ ಕಳ್ಳನೋಟ ಹಾಯಿಸಿದ. "ಹೂಳು ತೆಗೀಬೇಕು," ಎಂದಳು ಅವಳು.

ಮೂವರೂ ಸೇರಿ ಹಿಂಭಾಗದ ಹೂಳು ತೋಡಿದರು. ರಸ್ತೆ ಬದಿಯ ದಪ್ಪ ಮರಕ್ಕೆ ಅಗಲ ಪಟ್ಟಿ ಸುತ್ತಿ ವಿಂಚನ್ನು ಸಿಕ್ಕಿಸಿದರು. ಹಗ್ಗ ಜೀಪಿನ ಹಿಂಬದಿಯ ಕಪ್ಪಿಯನ್ನು ಬಳಸಿ ಮತ್ತೆ ಮರಕ್ಕೆ ಬಂತು. ಹಗ್ಗ ಕಡಿದರೆ ಹಾರದಿರಲೆಂದು ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿದರು.

"ನಾನು ಕೆಳಗೆ ಪಕ್ಕದಲ್ಲಿ ನಿಂತಿರ್ತೀನಿ. ಚಕ್ರ ಮೇಲೆ ಬಂದಷ್ಟೂ ಹಿಂದೆ ಕಲ್ಲು ಕೊಡ್ತೀನಿ," ಎಂದ ಮಾವ. "ಎಳೀರಿ."

ಎಳೆದರು. ಮೈದುನ ಸ್ವಲ್ಪ ಹೊತ್ತು, ಅವಳು ಸ್ವಲ್ಪ ಹೊತ್ತು. ಜೀಪು ನರಳಿತು. ಒಂದು ಗೇಣು ಬಂತು. ಇನ್ನೊಂದು ಗೇಣು. ಆಮೇಲೆ ನಿಂತಿತು.

ಹಿಡಿ ಕಲ್ಲಿನಂತೆ ಗಟ್ಟಿಯಾಯಿತು. ಅವಳು ಮೈಭಾರವೆಲ್ಲ ಹಾಕಿ ಒತ್ತಿದಳು.

ಟಕ್.

ಹಿಡಿ ಸಡಿಲಾಗಿ ಅವಳು ಮುಂದಕ್ಕೆ ಮುಗ್ಗರಿಸಿ ಬಿದ್ದಳು. ಎದ್ದು ಹಿಡಿ ಆಡಿಸಿದಳು. ಅದು ಗಾಳಿಯಲ್ಲಿ ಆಡಿದಂತೆ ಆಡಿತು. ಕೈಗೆ ಏನೂ ಹತ್ತಲಿಲ್ಲ. ಕೆಳಗೆ ಹಗ್ಗ ಮಾತ್ರ ಬಿಗಿಯಾಗಿಯೇ ಇತ್ತು.

ಮಾವ ಏದುಸಿರು ಬಿಡುತ್ತ ಹತ್ತಿ ಬಂದ. ಜೇಬಿನಿಂದ ಉಕ್ಕಿನ ಬೋಲ್ಟೊಂದನ್ನು ತೆಗೆದ. "ನಂಗೊತ್ತಿತ್ತು. ಅದಕ್ಕೇ ತಂದಿದ್ದೆ. ಇದನ್ನ ಹಾಕಿದ್ರೆ ನಮ್ಮಪ್ಪ ಬಂದ್ರೂ ಮುರಿಯಲ್ಲ."

"ಬೇಡ ಮಾವ."

"ಮಳೆ ಮೋಡ ನೋಡಮ್ಮ ಮೇಲೆ! ಈಗ ಪಿನ್ನು ಆಟ ಆಡೋ ಹೊತ್ತಾ?"

"ಪಿನ್ನು ಮುರೀದಿದ್ರೆ ಹಗ್ಗ ಹರಿಯುತ್ತೆ. ಕೆಳಗೆ ನಿಂತಿರೋರು ನೀವು." ಅವಳು ಬೋಲ್ಟನ್ನು ಆತನ ಕೈಯಿಂದ ತೆಗೆದು ತನ್ನ ಜೇಬಿಗೆ ಹಾಕಿಕೊಂಡಳು. "ಮೂತಿ ಕಡೆ ಏನೋ ಹಿಡ್ಕೊಂಡಿದೆ. ನೋಡ್ತೀನಿ."

"ನಾನು ಇಳೀತೀನಿ ಅತ್ತಿಗೆ," ಎಂದ ಮೈದುನ.

"ನಾನು ನೀರಿಗೆ ಬಿದ್ರೆ ನೀನು ಎಳೀತೀಯ. ನೀನು ಬಿದ್ರೆ ನಾನು ಎಳೆಯೋಕಾಗಲ್ಲ. ಹಗ್ಗ ಹಿಡ್ಕೊ."

ಸೊಂಟಕ್ಕೆ ನೂಲಿನ ಹಗ್ಗ ಕಟ್ಟಿಕೊಂಡು ಅವಳು ಇಳಿದಳು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಕೊರೆಯುವ ನೀರು. ಅವಳಿಗೆ ಅದು ಬೇರೆ ಯಾರದೋ ಕಾಲಿಗೆ ತಾಗಿದಂತಿತ್ತು. ಕೊಂಬೆಗಳನ್ನು ಕಿತ್ತೆಸೆದು, ಬಂಪರಿನ ಕೆಳಗೆ ಕೈಯಾಡಿಸಿದಳು.

ಹಗ್ಗ. ಉಕ್ಕಿನ ಹಗ್ಗ, ತಂತಿಯಂತೆ ಬಿಗಿದು, ಹಳೆಯ ವಿಂಚಿನಿಂದ ಹೊರಟು ನೀರೊಳಗೇ ಸಾಗಿತ್ತು. ಅದನ್ನೇ ಹಿಡಿದು ಅವಳು ಬಂಡೆಯವರೆಗೆ ಹೋದಳು. ಹಗ್ಗ ಬಂಡೆಯ ಬುಡವನ್ನು ಸುತ್ತಿ ತನ್ನ ಕೊಕ್ಕೆಗೇ ಸಿಕ್ಕಿಕೊಂಡಿತ್ತು. ಅರ್ಧಕ್ಕರ್ಧ ಎಳೆಗಳು ಆಗಲೇ ಹರಿದಿದ್ದವು. ಬಂಡೆಯ ಚೂಪು ಅಂಚು ಹಗ್ಗವನ್ನು ಕೊರೆಯದಂತೆ ಅಡಿಯಲ್ಲಿ ಏನನ್ನೋ ಮಡಿಸಿ ಇಡಲಾಗಿತ್ತು. ಮೆತ್ತಗಿತ್ತು. ಬೆರಳಿಗೆ ಒಂದು ಗುಂಡಿ ಸಿಕ್ಕಿತು. ಆಮೇಲೆ ಕಾಲರು.

ರೈನ್‌ಕೋಟು.

ಹೊರಗೆ ಎಳೆದುಕೊಳ್ಳಲಾಗದ್ದನ್ನು ಅವನು ಕೊಚ್ಚಿಹೋಗದಂತೆ ಹಿಡಿದಿಟ್ಟಿದ್ದ. ಮುಂದಕ್ಕೆ ಮಾತ್ರ ಎಳೆಯುವ ವಿಂಚಿನಿಂದ ಮಾಡಬಹುದಾಗಿದ್ದದ್ದು ಅದೊಂದೇ.

"ಏನಿದೆ ಅತ್ತಿಗೆ?"

"ಕಟ್ಟಿದ್ದಾರೆ."

"ಏನು?"

"ಅವರು ಕಟ್ಟಿದ್ದಾರೆ. ಬಂಡೆಗೆ. ನಾವು ಅವರ ವಿರುದ್ಧ ಎಳೀತಿದ್ವಿ."

ಮೇಲೆ ನಿಂತಿದ್ದ ಮಾವ ಬೋಲ್ಟಿದ್ದ ಅವಳ ಜೇಬಿನ ಕಡೆ ಒಮ್ಮೆ ನೋಡಿ ಮುಖ ಒರೆಸಿಕೊಂಡ.

"ಕಬ್ಬಿಣ ಕೊಯ್ಯೋ ಗರಗಸ ಕೊಡಿ," ಅವಳು ಹೇಳಿದಳು. "ವಿಂಚನ್ನ ಸ್ವಲ್ಪ ಹಿಂದಕ್ಕೆ ಬಿಡು. ಸ್ವಲ್ಪಾನೇ."

ಹಿಂದಕ್ಕೆ ಬಿಡಲು ಪಿನ್ನು ಬೇಕಿರಲಿಲ್ಲ; ಮೈದುನ ಅದಕ್ಕೆಂದೇ ಇದ್ದ ಬೇರೆ ಗೂಟಕ್ಕೆ ಹಿಡಿ ಸಿಕ್ಕಿಸಿ ಆಡಿಸಿದ. ಜೀಪು ಒಂದಿಷ್ಟು ಕೆಳಕ್ಕೆ ಜಾರಿತು. ಹಳೆಯ ಹಗ್ಗ ಸಡಿಲಾಯಿತು. ಕೊಕ್ಕೆ ತುಕ್ಕಿಗೆ ಅಂಟಿಹೋಗಿತ್ತು, ಬಿಚ್ಚಲಾಗಲಿಲ್ಲ. ಅವಳು ಕೊಯ್ಯತೊಡಗಿದಳು.

ಎಲೆಯೊಂದು ತೇಲಿಬಂತು. ಹಸಿರು ಎಲೆ. ಅದರ ಹಿಂದೆ ಹತ್ತಾರು. ನೀರಿನ ಬಣ್ಣ ಬದಲಾಯಿತು.

"ಮೇಲೆ ಮಳೆ ಬಿದ್ದಿದೆ!" ಮಾವ ಕೂಗಿದ. "ಸಾಕು ಬಾಮ್ಮ! ಜೀಪು ಹಾಳಾಗಿ ಹೋಗ್ಲಿ!"

ಅವಳು ಕೊಯ್ದಳು. ನೀರು ಎದೆಗೆ ಬಂತು. ಗರಗಸ ಜಾರಿತು, ಮತ್ತೆ ಹಿಡಿದಳು. ಒಂದು ಎಳೆ. ಇನ್ನೊಂದು ಎಳೆ.

ಹರಿಯಿತು.

ಹಗ್ಗದ ತುದಿ ನೀರಿನೊಳಗೆ ಹಾವಿನಂತೆ ಹೊರಳಿ ಸುಮ್ಮನಾಯಿತು. ಪ್ರವಾಹ ಜೀಪನ್ನು ನೂಕಿತು. ಮೇಲಿನ ಮರ ಕಿರುಗುಟ್ಟಿತು. ಕೈ ವಿಂಚು ಬಿಡಲಿಲ್ಲ.

ಮೈದುನ ಅವಳನ್ನು ದಡಕ್ಕೆ ಎಳೆದುಕೊಂಡ. ಅವಳು ತೆವಳುತ್ತ ಹತ್ತಿ, ಹಿಡಿಯ ಮುಚ್ಚಳ ತಿರುಗಿಸಿ, ಹೊಸ ಪಿನ್ನು ತೆಗೆದಳು. ಒದ್ದೆ ಬೆರಳಿನಿಂದ ಜಾರಿ ಪಿನ್ನು ಕೆಳಗೆ ಬಿತ್ತು. ಮಾವ ಹುಲ್ಲಿನಲ್ಲಿ ತಡಕಿ ಅದನ್ನು ಹುಡುಕಿ, ತಾನೇ ಕೂರಿಸಿ, ಪಕ್ಕಕ್ಕೆ ಸರಿದ.

"ಎಳಿ!"

ನಾಲ್ಕು ಬೆರಳು. ನಾಲ್ಕು ಬೆರಳು. ಹಿಡಿಗೆ ಈಗ ಭಾರ ಹತ್ತುತ್ತಿತ್ತು, ಆದರೆ ಬರುವ ಭಾರ. ಮೂವರೂ ಸರದಿಯ ಮೇಲೆ ಎಳೆದರು, ಕೊನೆಗೆ ಸರದಿ ಮರೆತು ಇಬ್ಬಿಬ್ಬರು ಒಟ್ಟಿಗೇ ಎಳೆದರು. ಹಿಂದಿನ ಚಕ್ರಗಳು ಅಂಚು ಏರಿದವು. ಬಾಗಿಲಿನಿಂದ ಕೆಸರು ನೀರು ಸುರಿಯಿತು. ಮುಂದಿನ ಚಕ್ರಗಳೂ ರಸ್ತೆಗೆ ಬಂದಾಗ ಕೆಳಗೆ, ಜೀಪು ಇದ್ದ ಜಾಗದಲ್ಲಿ, ಬರೀ ಕೆಂಪು ನೀರು ಮೊರೆಯುತ್ತಿತ್ತು. ಬಂಡೆ ಕಾಣಲಿಲ್ಲ.

ಮಾವ ರಸ್ತೆಯ ಮೇಲೆ ಅಂಗಾತ ಮಲಗಿಬಿಟ್ಟ. "ನನ್ನ ಬೋಲ್ಟು ಕೊಡಮ್ಮ," ಎಂದ. "ಹಳ್ಳಕ್ಕೆ ಎಸೀಬೇಕು."

"ಇಟ್ಕೊಳ್ಳಿ ಮಾವ. ಗ್ಯಾರೇಜಿಗೆ ಬೇಕಾಗುತ್ತೆ."

ಮೈದುನ ನಕ್ಕ. ಅವಳ ತುಟಿ ನಗಲಿಲ್ಲ. ಆದರೆ ಅದು ತಮಾಷೆಯೇ ಆಗಿತ್ತು, ಇಬ್ಬರಿಗೂ ಗೊತ್ತಾಯಿತು.

ಮಾವನ ಗಾಡಿಯ ಹಿಂದೆ ಜೀಪನ್ನು ಕಟ್ಟಿಕೊಂಡು, ಮಳೆ ಬೆನ್ನಟ್ಟಿ ಬರುತ್ತಿದ್ದಂತೆ ಬೆಟ್ಟ ಇಳಿದರು. ಜೀಪಿನ ಸ್ಟಿಯರಿಂಗ್ ಅವಳು ಹಿಡಿದಿದ್ದಳು. ಕೂತದ್ದು ಕೆಸರಿನ ಮೇಲೆ. ಸೀಟನ್ನು ಅವನು ತನ್ನ ಉದ್ದಕ್ಕೆ ತಕ್ಕಂತೆ ಹಿಂದಕ್ಕೆ ತಳ್ಳಿದ್ದ. ಕಾಲು ಬ್ರೇಕಿಗೆ ಎಟುಕುತ್ತಿರಲಿಲ್ಲ. ಸೀಟು ಅಲುಗಲಿಲ್ಲ, ಅವಳು ತುದಿಗೆ ಸರಿದು ಕೂತಳು.

ಗ್ಯಾರೇಜಿನ ಅಂಗಳದಲ್ಲಿ ಜೀಪು ನಿಂತಾಗ ಬೀದಿಯವರು ಒಬ್ಬೊಬ್ಬರಾಗಿ ಬಂದು ಸುತ್ತಲೂ ನಿಂತರು. "ಬಂಡೆಗೆ ಸಿಕ್ಕಿಕೊಂಡಿತ್ತಾ?" ಯಾರೋ ಕೇಳಿದರು.

"ಸಿಕ್ಕಿಕೊಂಡಿರಲಿಲ್ಲ," ಮಾವ ದೊಡ್ಡ ದನಿಯಲ್ಲಿ ಹೇಳಿದ. "ನಮ್ಮ ಹುಡುಗ ಕಟ್ಟಿದ್ದ."

ಒಳಗೆ ಮೈದುನ ಸ್ಟೂಲು ಎಳೆದು ಅವಳನ್ನು ಕೂರಿಸಿದ. ಅಂಗೈಗಳಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ಅವನು ಔಷಧದ ಬಾಟಲಿಯ ಬಿರಡೆ ತೆಗೆದು, ಹತ್ತಿ ಒದ್ದೆ ಮಾಡಿ, ಮೆಲ್ಲಗೆ ಒತ್ತಿದ.

"ಉರೀತಿದೆಯಾ ಅತ್ತಿಗೆ?"

ಅವಳು ಅಂಗೈಯನ್ನೇ ನೋಡುತ್ತ ಕಾದಳು. ದೂರದಿಂದ ಬರುವಂತೆ ನಿಧಾನವಾಗಿ ಅದು ಬಂತು, ನಾಲ್ಕು ಬೆರಳು, ನಾಲ್ಕು ಬೆರಳು, ಮಣಿಕಟ್ಟಿನವರೆಗೆ.

"ಹೂಂ," ಎಂದಳು. "ಉರೀತಿದೆ."