ಕ್ಯಾಮೆರಾಕ್ಕೆ ಕಾಣದ ಬದಿ

"ನಜ್ಲಾ, ಕ್ಯಾಮೆರಾದ ಬದಿ ಮಾತ್ರ ಸಾಕು! ಬೇಗ, ಬೇಗ!"

ರವೂಫ್ ಮಾಮ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತಾ ಕೂಗಿದರು.

ನಜ್ಲಾ ಯೂನಿಫಾರ್ಮಿನ ತೋಳು ಮಡಚಿ ಮಾಮನ ದನ ಸುಲ್ತಾನಾದ ಬಲಬದಿಯಲ್ಲಿ ಕುಳಿತಿದ್ದಳು. ದನದ ಕಿವಿಯ ಹಿಂದೆ, ಕೊರಳಿನ ಮಡಿಕೆಯಲ್ಲಿ ಉಣುಗುಗಳು ರಕ್ತ ಕುಡಿದು ನೆಲಗಡಲೆಯಷ್ಟು ಊದಿದ್ದವು. ನಜ್ಲಾ ಚಿಮಟದಿಂದ ಒಂದೊಂದನ್ನೇ ಎಳೆದು ಸೋಪುನೀರಿನ ಡಬ್ಬಿಗೆ ಹಾಕಿದಳು. ಎಡಬದಿಯ ಉಣುಗುಗಳಿಗೆ ಯಾವ ತೊಂದರೆಯೂ ಇರಲಿಲ್ಲ. ಅವು ವಿಡಿಯೋದಲ್ಲಿ ಕಾಣುವುದಿಲ್ಲವಲ್ಲ!

ದುಬೈಯಿಂದ ಬಂದ ಮಾಮ ಉರ್ವದ ಮನೆಯ ಹಿಂದೆ ದನದ ಹಟ್ಟಿ ಕಟ್ಟಿಸಿದ್ದರು. ಹಟ್ಟಿಗೆ ಬಿಳಿ ಟೈಲ್ಸ್ ಇತ್ತು, ಫ್ಯಾನ್ ಇತ್ತು, ಸ್ಪೀಕರಿನಲ್ಲಿ ಇಡೀ ದಿನ ಕೊಳಲು ಇತ್ತು. ಗೇಟಿನಲ್ಲಿ 'ನೂರಕ್ಕೆ ನೂರು ಕೆಮಿಕಲ್ ಇಲ್ಲದ ಹಾಲು' ಎಂಬ ಬೋರ್ಡು. ಆ ಬೋರ್ಡಿನ ಮರ್ಯಾದೆ ಉಳಿಸಲು ಉಣುಗಿನ ಮದ್ದನ್ನು ಮಾತ್ರ ತಂದಿರಲಿಲ್ಲ.

"ಗುಡ್ ಮಾರ್ನಿಂಗ್ ಫ್ರೆಂಡ್ಸ್! ನಮ್ಮ ಸುಲ್ತಾನಾ ಎಷ್ಟು ಹ್ಯಾಪಿ ನೋಡಿ!"

ಹ್ಯಾಪಿ ಸುಲ್ತಾನಾ ತಲೆ ತಗ್ಗಿಸಿ ನಿಂತಿತ್ತು. ಮುಂದೆ ಹಾಕಿದ್ದ ಹುಲ್ಲನ್ನು ಮೂಸಿಯೂ ನೋಡಲಿಲ್ಲ. ನಜ್ಲಾ ಅದರ ಕಿವಿ ಮುಟ್ಟಿದಳು. ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯ ಹಾಗೆ ಬಿಸಿ.

"ಮಾಮ, ಇದು ಮೊನ್ನೆಯಿಂದ ಏನೂ ತಿನ್ನಲಿಲ್ಲ. ಜ್ವರ ಉಂಟು. ಡಾಕ್ಟರನ್ನು ಕರೆಯುವ."

"ಮೆಲ್ಲ ಮಾತಾಡು ಮಾರಾಯ್ತಿ! ಡಾಕ್ಟರ್ ಬಂದದ್ದು ಹಾಲು ತೆಗೆದುಕೊಳ್ಳುವವರ ಗ್ರೂಪಿನಲ್ಲಿ ಗೊತ್ತಾದರೆ ನಮ್ಮ ಹಾಲು ಯಾರು ಕುಡಿತಾರೆ? ಯೂಟ್ಯೂಬಿನಲ್ಲಿ ಹೇಳಿದ ಹಾಗೆ ಅರಸಿನ ಹಚ್ಚಿದ್ದೇನೆ. ನೀನು ಯಾರ ಹತ್ರ ಸಹ ಹೇಳ್ಬೇಡ. ಪ್ರಾಮಿಸ್?"

"ಪ್ರಾಮಿಸ್," ಎಂದಳು ನಜ್ಲಾ.

ಎನ್ನದೆ ಇರುವುದು ಕಷ್ಟವಾಗಿತ್ತು. ಪ್ರತಿ ವಿಡಿಯೋದ ಕೊನೆಯಲ್ಲಿ 'ಬ್ಯೂಟೀಶಿಯನ್: ನಜ್ಲಾ' ಎಂದು ಬರುತ್ತಿತ್ತು. ಅದನ್ನು ಇಡೀ ಐದನೇ ಕ್ಲಾಸು ನೋಡಿತ್ತು.

ಸಂಜೆ ಶಾಲೆಯಿಂದ ಬಂದಾಗ ಬಿಳಿ ಟೈಲ್ಸಿನ ಮೇಲೆ ಯಾರೋ ಕಾಫಿ ಚೆಲ್ಲಿದ ಹಾಗಿತ್ತು. ಕಾಫಿ ಅಲ್ಲ. ಸುಲ್ತಾನಾ ಕಡುಗೆಂಪು ಉಚ್ಚೆ ಹೊಯ್ದಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಹೆಲನ್ ಟೀಚರ್ ಹಾಲಿನ ಕ್ಯಾನ್ ಹಿಡಿದುಕೊಂಡು ಬಂದರು. ಟೀಚರ್ ರಿಟೈರ್ ಆಗಿ ಏಳು ವರ್ಷವಾಗಿತ್ತು, ಅವರ ಪ್ರಶ್ನೆಗಳು ಮಾತ್ರ ರಿಟೈರ್ ಆಗಿರಲಿಲ್ಲ.

"ಎಂತ ರವೂಫ್, ಹುಲ್ಲು ಹಾಗೇ ಉಂಟಲ್ಲ? ದನ ತಿನ್ನುವುದಿಲ್ವಾ?"

"ಫಾಸ್ಟಿಂಗ್, ಟೀಚರ್. ಎರಡು ದಿನದಿಂದ ಬರೀ ನೀರು. ಡಿಟಾಕ್ಸ್!"

"ಮತ್ತೆ ಇದೆಂತ ಕೆಂಪು?"

"ಅದಾ? ಬೀಟ್‌ರೂಟ್! ನಿನ್ನೆ ಒಂದು ಬುಟ್ಟಿ ತಿಂದಿದೆ. ಆರ್ಗ್ಯಾನಿಕ್."

ನಜ್ಲಾ ಟೀಚರನ್ನು ನೋಡಿದಳು. ಮಾಮನನ್ನು ನೋಡಿದಳು. ಬೆಳಿಗ್ಗೆ ಪ್ರಾಮಿಸ್ ಕೊಟ್ಟಾಗಿತ್ತು. ಆಗ ಸುಲ್ತಾನಾದ ಮುಂಗಾಲು ನಡುಗಿತು. ಅದು ದೊಪ್ಪನೆ ಕುಸಿದು ಕುಳಿತಿತು.

"ಫಾಸ್ಟಿಂಗ್ ಮಾಡುವ ದನ ಬೀಟ್‌ರೂಟ್ ತಿಂದದ್ದು ಹೇಗೆ ಮಾಮ?"

ಸ್ಪೀಕರಿನಲ್ಲಿ ಕೊಳಲು ನುಡಿಯುತ್ತಲೇ ಇತ್ತು. ಹೆಲನ್ ಟೀಚರ್ ಕ್ಯಾನನ್ನು ಕೆಳಗಿಟ್ಟು, ಕನ್ನಡಕ ಏರಿಸಿ, ಫೋನಿನಲ್ಲಿ ದನದ ಡಾಕ್ಟರ ನಂಬರು ಹುಡುಕಿದರು.

ಅರ್ಧ ಗಂಟೆಯಲ್ಲಿ ಡಾಕ್ಟರ್ ಆಶಾಲತಾ ಸ್ಕೂಟರಿನಲ್ಲಿ ಬಂದರು. ಸುಲ್ತಾನಾದ ಕಣ್ಣಿನ ರೆಪ್ಪೆ ಬಿಡಿಸಿದರು. ಒಳಗೆಲ್ಲ ಕಾಗದದ ಹಾಗೆ ಬಿಳಿ. ಬಲಬದಿಯನ್ನು ತಡವಿ, "ಉಣುಗು ಚೆನ್ನಾಗಿ ತೆಗೆದಿದ್ದೀರಿ," ಎಂದರು. ಆಮೇಲೆ ಆಚೆ ಬದಿಗೆ ಹೋದರು.

"ಇದೆಂತ, ಈ ಬದಿ ಬೇರೆ ದನದ್ದಾ?"

ನಜ್ಲಾಳ ಕಿವಿಯೂ ಬಿಸಿಯಾಯಿತು. "ಅದು ವಿಡಿಯೋದಲ್ಲಿ ಬರುವುದಿಲ್ಲ, ಡಾಕ್ಟರ್."

ಡಾಕ್ಟರ್ ನಗಲಿಲ್ಲ. "ನೋಡು, ಉಣುಗು ಕಚ್ಚಿದಾಗ ಕಣ್ಣಿಗೆ ಕಾಣದ ಒಂದು ಜೀವಿ ದನದ ರಕ್ತಕ್ಕೆ ಹೋಗ್ತದೆ. ರಕ್ತದ ಕಣಗಳನ್ನು ಒಡೆದು ಹಾಕ್ತದೆ. ಅದೇ ಬಣ್ಣ ಉಚ್ಚೆಯಲ್ಲಿ ಬರುವುದು."

ಅವರು ಕಿವಿಯ ತುದಿಯಿಂದ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಗೆದುಕೊಂಡು, ಸಿರಿಂಜಿಗೆ ಮದ್ದು ತುಂಬಿಸಿದರು. ಮಾಮನಿಗೆ ತಡೆಯಲಾಗಲಿಲ್ಲ.

"ಡಾಕ್ಟರ್, ಈ ಇಂಜೆಕ್ಷನ್ ಆರ್ಗ್ಯಾನಿಕ್ಕಾ?"

"ರೋಗ ಪೂರ್ತಿ ಆರ್ಗ್ಯಾನಿಕ್. ಮದ್ದು ಅಲ್ಲ."

ಟೀಚರ್ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದರು.

"ಬದುಕ್ತದಾ?" ನಜ್ಲಾ ಕೇಳಿದಳು.

"ನಾಳೆ ಬಂದು ನೋಡಿ ಹೇಳ್ತೇನೆ. ಮೊನ್ನೆಯೇ ಕರೆಯಬೇಕಿತ್ತು. ಉಣುಗಿನ ಮದ್ದು ಎರಡೂ ಬದಿಗೆ ಹೊಡೀರಿ, ಹಟ್ಟಿಯ ಸಂದಿಗೂ. ನಾನು ಹೇಳುವ ತನಕ ಇದರ ಹಾಲು ಯಾರಿಗೂ ಬೇಡ."

ಮಾಮ ಎದ್ದು ಹೋಗಿ ಕೊಳಲು ನಿಲ್ಲಿಸಿದರು. ಆಮೇಲೆ ಮುಂಡು ಎತ್ತಿ ಕಟ್ಟಿ, ಸುಲ್ತಾನಾದ ಹತ್ತಿರ ನೆಲದಲ್ಲೇ ಕುಳಿತರು. ಅವರ ಫೋನು ಎಲ್ಲಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಐದನೇ ದಿನ ಸುಲ್ತಾನಾ ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕಿತು. ಎಂಟನೇ ದಿನ ಸ್ಟ್ಯಾಂಡ್ ಮತ್ತೆ ಹಟ್ಟಿಗೆ ಬಂತು. ಗೇಟಿನ ಬೋರ್ಡಿನ ಮೇಲೆ ಯಾಕೋ ಮಾಮನ ಟವೆಲ್ ಒಣಗುತ್ತಿತ್ತು.

"ಬ್ಯೂಟೀಶಿಯನ್ ಎಲ್ಲಿ? ನಾನು ಶುರು ಮಾಡ್ತೇನೆ!"

"ಇಲ್ಲಿದ್ದೇನೆ ಮಾಮ."

ಮಾಮ ಫೋನಿನಲ್ಲಿ ನೋಡಿದರು. ದನದ ಹೊಟ್ಟೆಯ ಅಡಿಯಲ್ಲಿ ಶಾಲೆಯ ಎರಡು ಶೂ ಮಾತ್ರ ಕಾಣುತ್ತಿದ್ದವು.

"ಆಚೆ ಎಂತ ಮಾಡ್ತಿ? ಅಲ್ಲಿ ಕೂತರೆ ನೀನು ಕಾಣುವುದಿಲ್ಲ."

"ಪರವಾಗಿಲ್ಲ," ಎಂದಳು ನಜ್ಲಾ. ಸುಲ್ತಾನಾದ ಎಡಗಿವಿಯನ್ನು ಮೆಲ್ಲಗೆ ಮಡಚಿದಳು. "ಇಲ್ಲಿ ಇನ್ನೂ ಒಂದು ಉಂಟು."