ಸಾಲಿನ ಮೊದಲಿಗೆ ಎರಡು ಶಾರ್ಪ್

ಪಿಯಾನೊ ಮೇಷ್ಟ್ರ ಬಲಗೈಗೆ ಬ್ಯಾಂಡೇಜ್ ಸುತ್ತಿದ್ದು ಕಂಡ ಕೂಡಲೇ ಅವಳ ಎದೆ ಧಸಕ್ಕೆಂದಿತು. ಮೊದಲು ಅವರ ನೋವಿಗಾಗಿ, ಮರುಕ್ಷಣ ತನಗಾಗಿ. ಎರಡನೆಯದಕ್ಕೆ ಅವಳಿಗೇ ನಾಚಿಕೆಯಾಯಿತು.

"ಮೆಟ್ಟಿಲ ಮೇಲೆ ಜಾರಿದೆ. ಉಳುಕು, ಅಷ್ಟೇ," ಎಂದು ಅವರು ನಕ್ಕರು. "ಹೊಸ ಪೀಸ್ ನುಡಿಸಿ ತೋರಿಸೋಕಾಗಲ್ಲ. ಇವತ್ತು ನೀವೇ ಓದಿ ನುಡಿಸಿ."

ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ಅವಳಿಗೆ ದೊಡ್ಡ ಹೆಸರು. ಡಾಕ್ಟರು ಹೇಗೇ ಗೀಚಿರಲಿ, ಚೀಟಿ ಓದಿಬಿಡುತ್ತಾಳೆ. ಪಿಯಾನೊ ಪುಸ್ತಕದ ಎದುರು ಮಾತ್ರ ಆ ಜಾಣತನ ಕೈಕೊಡುತ್ತಿತ್ತು. ಯಾವ ಗೆರೆಗೆ ಯಾವ ಸ್ವರ ಎಂಬಷ್ಟು ಗೊತ್ತು. ಉಳಿದದ್ದೆಲ್ಲ ಅವರು ನುಡಿಸಿದ್ದನ್ನು ಕಿವಿಯಲ್ಲಿ ತುಂಬಿಕೊಂಡು, ಪುಟದ ಮೇಲೆ ಕಣ್ಣಿಟ್ಟು ಓದುವಂತೆ ನಟಿಸಿದ್ದು.

ಓದಲು ಬರುವುದಿಲ್ಲ ಎಂದು ಮೊದಲೇ ಹೇಳಬಹುದಿತ್ತು. ಆದರೆ ಅವರು "ಎಷ್ಟು ಬೇಗ ಓದ್ತೀರಿ!" ಎಂದು ಮೆಚ್ಚಿಬಿಟ್ಟಿದ್ದರು. ನಲವತ್ತು ದಾಟಿದ ಮೇಲೆ ಒಬ್ಬರ ಮೆಚ್ಚುಗೆ ಇಷ್ಟು ಬೇಕೆನಿಸಿದ್ದು ಅವಳಿಗೇ ಸೋಜಿಗ.

ಅವರು ಎಡಗೈಯಲ್ಲೇ ಕಷ್ಟಪಟ್ಟು ದೀಪವನ್ನು ಅವಳ ಪುಟದತ್ತ ತಿರುಗಿಸಿದರು. ಅವಳು ನುಡಿಸಿದಳು. ಬೆರಳು ಬಿಳಿ ಕೀಗಳನ್ನು ಬಿಟ್ಟು ಅಲುಗಲಿಲ್ಲ. ಹಾಡು ಸೊಟ್ಟಗೆ ಕುಂಟುತ್ತ ಹೊರಬಂತು.

ಚಹಾ ತಂದ ಮೇಷ್ಟ್ರ ಅಕ್ಕ ಬಾಗಿಲಲ್ಲೇ ನಿಂತರು. "ಪಾಪ, ಪಿಯಾನೊಗೂ ಉಳುಕಿತೇನೋ?"

"ಅಕ್ಕಾ!"

"ಹೋದೆ ಕಣೋ, ಹೋದೆ."

ಮೇಷ್ಟ್ರು ಮೆಲ್ಲಗೆ ಕೇಳಿದರು: "ಎಫ್, ಸಿ ಎರಡಕ್ಕೂ ಶಾರ್ಪ್ ಇದೆಯಲ್ಲ?"

"ಎಲ್ಲಿ? ಸ್ವರದ ಪಕ್ಕ ಏನೂ ಹಾಕಿಲ್ಲ."

"ಸಾಲಿನ ಮೊದಲಿಗೆ ನೋಡಿ."

"ಇದಾ? ನಾನು ಅಲಂಕಾರಕ್ಕೆ ಅಂದ್ಕೊಂಡಿದ್ದೆ."

ಮಾತು ಬಾಯಿಂದ ಜಾರಿಯೇ ಹೋಯಿತು. ಕಿವಿಯ ತುದಿಯವರೆಗೂ ಬಿಸಿಯೇರಿತು. ಅವಳು ಹೊರಡಲು ಬ್ಯಾಗ್ ಎತ್ತಿಕೊಂಡಳು.

"ನಂಗೆ ಓದೋಕೆ ಬರಲ್ಲ ಮೇಷ್ಟ್ರೇ. ಇಷ್ಟು ದಿನ ನಿಮಗೆ ಮೋಸ ಮಾಡ್ದೆ. ಇನ್ನು ಬರಲ್ಲ."

"ಗೊತ್ತಿತ್ತು."

"ಏನು?"

"ಹಿಂದಿನ ಪೀಸಲ್ಲಿ ನಾನೊಂದು ಕಡೆ ತಪ್ಪು ನುಡಿಸಿದ್ದೆ. ನೀವು ಆ ತಪ್ಪನ್ನೂ ಬಿಡದೆ ನುಡಿಸಿದ್ರಿ."

ಭೂಮಿ ಬಾಯ್ಬಿಡಬಾರದೇ ಎನಿಸಿತು ಅವಳಿಗೆ. "ಮತ್ತೆ ಯಾಕೆ ಹೇಳ್ಲಿಲ್ಲ?"

ಈಗ ತಲೆ ತಗ್ಗಿಸುವ ಸರದಿ ಅವರದಾಯಿತು.

"ಓದೋಕೆ ಬಂದ್ರೆ ನಾನು ನುಡಿಸಿ ತೋರಿಸೋದು ಬೇಕಾಗಲ್ಲ. ನಾನು ನುಡಿಸೋವಾಗ ನೀವು ನೋಡ್ತಿದ್ರಲ್ಲ... ನನ್ನನ್ನ ಹಾಗೆ ಯಾರೂ ನೋಡಿಲ್ಲ. ಅದನ್ನ ಕಳ್ಕೊಳ್ಳೋಕೆ ಮನಸ್ಸಾಗ್ಲಿಲ್ಲ. ಮೇಷ್ಟ್ರಾದವನು ಮಾಡೋ ಕೆಲಸ ಅಲ್ಲ ಅದು."

"ನಾನು ಕೈ ನೋಡ್ತಿದ್ದೆ."

"ಕೈಯಂತೆ ಕೈ, ನೋಡ್ತಿದ್ದದ್ದು ಮುಖಾನೇ!" ಅಡುಗೆಮನೆಯಿಂದ ಅಕ್ಕನ ದನಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಲಾರದೆ ಪುಸ್ತಕವನ್ನೇ ನೋಡಿದರು.

"ಹಾಗಂತ ನನ್ನ ದಡ್ಡಿಯಾಗೇ ಉಳಿಸಿಬಿಟ್ರಾ?" ಅವಳು ಕೇಳಿದಳು.

"ಹೌದು. ತಪ್ಪಾಯ್ತು."

ಅದಕ್ಕೆ ಅವರು ಯಾವ ಸಮಜಾಯಿಷಿಯನ್ನೂ ಸೇರಿಸಲಿಲ್ಲ. ಅವಳು ಬ್ಯಾಗನ್ನು ಕೆಳಗಿಟ್ಟಳು. "ಹೇಳ್ಕೊಡಿ."

ಸಾಲಿನ ಮೊದಲಿನ ಆ ಎರಡು ಶಾರ್ಪ್ ಗುರುತುಗಳೇ ಕೀ ಸಿಗ್ನೇಚರ್, ಇಡೀ ಹಾಡಿಗೆ ಅನ್ವಯಿಸುವ ಸೂಚನೆ ಎಂದರು ಅವರು. ಎಫ್ ಬರಲಿ, ಸಿ ಬರಲಿ, ಮೇಲಿರಲಿ, ಕೆಳಗಿರಲಿ, ಬಲಕ್ಕಿರುವ ಕಪ್ಪು ಕೀಯನ್ನೇ ಒತ್ತಬೇಕು. ಬೇರೆ ಗುರುತು ಕಾಣುವವರೆಗೂ ಹಾಗೇ. ಅವಳು ಒಂದೊಂದೇ ಸ್ವರ ಹುಡುಕುತ್ತ ಹೊರಟಳು. ಒಂದು ಸಿ ಮರೆತಳು. ಅವರು ಗಂಟಲು ಸರಿಮಾಡಿಕೊಂಡರು. ಅವಳೇ ಹಿಂದೆ ಹೋಗಿ ತಿದ್ದಿಕೊಂಡಳು. ಯಾರೂ ಮೊದಲು ನುಡಿಸಿ ತೋರಿಸದ ಒಂದು ಸಾಲು ಅವಳ ಕೈಯಿಂದಲೇ ಕೇಳಿಬಂತು.

ಹೊರಡುವಾಗ ಅವಳೆಂದಳು: "ಇನ್ಮೇಲೆ ನಾನೇ ಓದ್ತೀನಿ. ನೀವು ನುಡಿಸಿ ತೋರಿಸೋದು ಬೇಡ."

ಅವರ ಮುಖ ಬಾಡಿತು. "ಸರಿ."

"ಕೈ ವಾಸಿಯಾದ ಮೇಲೆ, ಪಾಠ ಮುಗಿಸಿ, ಸುಮ್ಮನೆ ನುಡಿಸಿ. ನಾನು ಕಲಿಯೋಕೆ ಕೂತಿರಲ್ಲ."

"ಮತ್ತೆ?"

"ನೋಡೋಕೆ."

ಅವಳ ಮುಖ ಮತ್ತೆ ಕೆಂಪೇರಿತು. ಅವಳು ಅದನ್ನು ತಗ್ಗಿಸದೆ ಅವರೆದುರು ಹಾಗೇ ನಿಂತಳು.